ಮೂಲೆಯ ಪಾತಿ

ಏಪ್ರಿಲ್ 6, ಭಾನುವಾರ

ಟೊಮೇಟೊ ಸಸಿಗಳನ್ನು ಕುಂಡದಿಂದ ನೆಲಕ್ಕೆ ಇಳಿಸಿದೆ. ಸಾಲು ಸೊಟ್ಟಗಾಗಬಾರದೆಂದು ಎರಡು ಗೂಟಗಳ ನಡುವೆ ದಾರ ಕಟ್ಟಿಕೊಂಡೇ ನೆಟ್ಟದ್ದು. ಪ್ರಯೋಗಾಲಯದಲ್ಲಿ ರಕ್ತದ ಸೀಸೆಗಳಿಗೆ ಚೀಟಿ ಅಂಟಿಸಿ ಅಂಟಿಸಿ ಬಂದ ಚಾಳಿ ಇದು. ಪ್ರತಿ ಸಾಲಿಗೂ ಒಂದು ಕಡ್ಡಿ, ಕಡ್ಡಿಗೊಂದು ಚೀಟಿ. ಪಕ್ಕದ ಮನೆಯ ಬಸ್ ಡ್ರೈವರ್ ಗೋಡೆಯ ಮೇಲಿಂದ ಇಣುಕಿ, "ಏನ್ರೀ ಮೇಡಂ, ಗಿಡಗಳಿಗೆ ಹಾಜರಿ ಹಾಕ್ತೀರಾ?" ಎಂದರು. ಹಾಕಿದರೇನು ತಪ್ಪು. ಬೀನ್ಸ್ ಬಳ್ಳಿ ಆಗಲೇ ಮೊಣಕಾಲುದ್ದ ಬಂದಿದೆ. ಸೌತೆ ಮೊಳಕೆಗೆ ಇರುವೆ ಕಾಟ. ಬಿಸಿಲು ಈ ಸಲ ಬೇಗ ಏರಿದೆ, ಹತ್ತು ಗಂಟೆಗೆಲ್ಲ ಬರಿಗಾಲಲ್ಲಿ ಮಣ್ಣು ತುಳಿಯಲಾಗುವುದಿಲ್ಲ.

ಮಧ್ಯಾಹ್ನ ಗುಬ್ಬಿ ಬಂದಳು. ನನ್ನ ತಂಗಿ. ನನಗಿಂತ ತೀರ ಚಿಕ್ಕವಳು, ನಾನೇ ಎತ್ತಿ ಆಡಿಸಿದವಳು; ಮದುವೆಯಾಗಿ ಇಷ್ಟು ವರ್ಷವಾದರೂ ಮನೆಯಲ್ಲಿ ಗುಬ್ಬಿಯೇ. ಗಂಡನಿಲ್ಲದೆ ಒಬ್ಬಳೇ ಬಂದದ್ದು ಇದೇ ಮೊದಲು. ಕೈಯಲ್ಲಿ ಒಂದೇ ಚೀಲ.

"ನಾಲ್ಕು ದಿನ ಇರ್ತೀನಿ ಅಕ್ಕ."

"ಜಗಳ ಆಯ್ತಾ?"

"ಇಲ್ಲ."

"ಕೈ ಮಾಡಿದ್ರಾ?"

"ಇಲ್ಲ."

"ಕುಡೀತಾರಾ?"

"ಇಲ್ಲಕ್ಕ."

"ಮತ್ತೇನೇ?"

ಅವಳು ಬಾಗಿಲಲ್ಲಿ ಬಿಟ್ಟ ಚಪ್ಪಲಿಯನ್ನೇ ನೋಡುತ್ತಾ ನಿಂತಳು. "ಹೇಳಕ್ಕೆ ಬರ್ತಿಲ್ಲ," ಎಂದಳು.

ಹೇಳಲು ಬಾರದ್ದು ಅದೆಂಥ ಕಷ್ಟವೋ. ಅಮ್ಮ ಕೊನೆಗಾಲದಲ್ಲಿ ಆಸ್ಪತ್ರೆಯಲ್ಲಿದ್ದಾಗ ಮಗನಂತೆ ಪಕ್ಕದಲ್ಲಿ ಕೂತವರು ಆ ಮನುಷ್ಯ. ಅಮ್ಮ ಬಾಯಿ ತುಂಬ "ಅಳಿಯಂದಿರು" ಎಂದೇ ಕರೆಯುತ್ತಿದ್ದಳು, ನನಗೂ ಅದೇ ರೂಢಿಯಾಗಿದೆ. ಅಂಥವರನ್ನು ಬಿಟ್ಟು ಬರಲು ಇವಳಿಗೆ ಏನು ಧಾಡಿ.

ಏಪ್ರಿಲ್ 9, ಬುಧವಾರ

ಅಳಿಯಂದಿರು ಫೋನ್ ಮಾಡಿದ್ದರು. ಒಂದು ಚೂರೂ ಸಿಟ್ಟಿಲ್ಲ. "ಇರಲಿ ಬಿಡಿ ಅಕ್ಕ, ನಿಮ್ಮ ಹತ್ರ ತಾನೇ ಇದ್ದಾಳೆ. ಊಟ ಮಾಡ್ತಾಳಾ? ಹೊರಗೆ ಎಲ್ಲಾದ್ರೂ ಹೋಗ್ತಾಳಾ? ಯಾರ ಜೊತೆ ಆದ್ರೂ ಮಾತಾಡ್ತಾಳಾ? ಸ್ವಲ್ಪ ಕಣ್ಣಿಟ್ಟಿರಿ. ಅವಳಿಗೆ ತನಗೇನು ಬೇಕು ಅನ್ನೋದೇ ಗೊತ್ತಾಗಲ್ಲ." ಸಂಜೆ ಸಂಜೆ ಫೋನ್ ಮಾಡಿ, ಹೇಳುತ್ತಿರುತ್ತೇನೆ ಎಂದೆ. ಪಾಪ, ಅವರಿಗೂ ಸಮಾಧಾನ ಬೇಡವೇ.

ಗುಬ್ಬಿ ಹಿತ್ತಲ ಮೆಟ್ಟಿಲ ಮೇಲೆ ಕೂತರೆ ಕೂತೇ ಇರುತ್ತಾಳೆ. ಗಿಡಕ್ಕೆ ನೀರು ಹಾಕೆಂದರೆ ಎಲೆಯ ಮೇಲೆಲ್ಲ ಸುರಿಯುತ್ತಾಳೆ. ಬುಡಕ್ಕೆ ಹಾಕಬೇಕು, ಎಲೆಗಲ್ಲ, ಎಂದು ಕ್ಯಾನ್ ಕಿತ್ತುಕೊಂಡು ನಾನೇ ಹಾಕಿ ತೋರಿಸಿದೆ. "ಸಾರಿ," ಎಂದಳು. ಗ್ಲಾಸು ಇಟ್ಟ ಸದ್ದಾದರೆ ಸಾರಿ, ನಾನು ದಾರಿಗೆ ಅಡ್ಡ ಬಂದರೂ ಅವಳೇ ಸಾರಿ. ಕೇಳಿ ಕೇಳಿ ಸಾಕಾಗಿದೆ.

ಏಪ್ರಿಲ್ 10, ಗುರುವಾರ

ಕೆಲಸದಿಂದ ಬರುವಷ್ಟರಲ್ಲಿ ಗುಬ್ಬಿ ಬಸ್ ನಿಲ್ದಾಣದ ಬಳಿಯ ನರ್ಸರಿಗೆ ಹೋಗಿ ಹೂವಿನ ಬೀಜ ತಂದಿದ್ದಳು. ಕಾಸ್ಮಾಸ್, ಜೀನಿಯಾ. "ಒಂದು ಮೂಲೆ ಕೊಡ್ತೀಯಾ ಅಕ್ಕ?" ಎಂದು ಕೇಳಿದಳು. ನೀರಿನ ತೊಟ್ಟಿಯ ಪಕ್ಕದ ಪಾತಿ ಖಾಲಿ ಬಿದ್ದಿತ್ತು. ತಗೋ ಎಂದೆ. ಸಾಲು ಮಾಡಿಕೊಡುತ್ತೇನೆ, ದಾರ ತರುತ್ತೇನೆ ಎನ್ನುವಷ್ಟರಲ್ಲಿ ಬೀಜವನ್ನು ಅಂಗೈಯಲ್ಲಿ ಕಲೆಸಿ, ಕೋಳಿಗೆ ಕಾಳು ಚೆಲ್ಲಿದ ಹಾಗೆ ಚೆಲ್ಲಿಯೇಬಿಟ್ಟಳು. ಯಾವುದು ಎಲ್ಲಿ ಹುಟ್ಟುತ್ತದೋ, ಯಾರಿಗೆ ಗೊತ್ತಾಗಬೇಕು? ಬೈದೆ. ಸಾರಿ ಎಂದಳು. ಆದರೆ ಬೀಜ ಚೆಲ್ಲುವಾಗ ಅವಳ ಮುಖ ನೋಡಿದ್ದೆ. ಬಂದ ದಿನದಿಂದ ಆ ಮುಖ ಕಂಡಿರಲಿಲ್ಲ.

ಏಪ್ರಿಲ್ 13, ಭಾನುವಾರ

ಅಳಿಯಂದಿರು ಬಂದಿದ್ದರು. ಬರಿಗೈಯಲ್ಲಲ್ಲ, ನನಗೆ ಹೊಸ ಕತ್ತರಿ, ಗಿಡ ಸವರುವಂಥದ್ದು. ಅಂಗಿಯ ತೋಳು ಮಡಚಿ ಬೀನ್ಸಿನ ಕೋಲುಗಳನ್ನೆಲ್ಲ ಬಿಗಿದು ಕಟ್ಟಿಕೊಟ್ಟರು. ಸೋರುತ್ತಿದ್ದ ಹಿತ್ತಲ ನಲ್ಲಿ ಹತ್ತು ನಿಮಿಷದಲ್ಲಿ ರಿಪೇರಿಯಾಯಿತು. ಗುಬ್ಬಿಗೆ ಒಂದು ಮಾತೂ ಜೋರಾಗಿ ಆಡಲಿಲ್ಲ. ಅವಳ ಕೇಸರಿ ಕುರ್ತಾ ನೋಡಿ, "ಈ ಬಣ್ಣ ನಿನಗೆ ಒಪ್ಪಲ್ಲ ಅಂತ ಹೇಳಿದ್ದೆನಲ್ಲಮ್ಮ," ಎಂದರು ಅಷ್ಟೆ. ಅವಳು ಒಳಗೆ ಹೋಗಿ ಬಟ್ಟೆ ಬದಲಾಯಿಸಿಕೊಂಡು ಬಂದಳು.

ಹೊರಡುವಾಗ ಮೂಲೆಯ ಪಾತಿ ತೋರಿಸಿ, "ಅಲ್ಲೇನು ಅಕ್ಕ?" ಎಂದು ಕೇಳಿದರು.

"ನಿಮ್ಮ ಹೆಂಡತಿಯ ಹೂದೋಟ. ಅವಳು ಬಿತ್ತಿದ್ದು ಕಾಗೆಗೂ ಗೊತ್ತಾಗಬಾರದು, ಹಾಗೆ ಬಿತ್ತಿದ್ದಾಳೆ," ಎಂದೆ. ಇಬ್ಬರೂ ನಕ್ಕೆವು.

ಗುಬ್ಬಿಗೆ ರಾತ್ರಿ ಹೇಳಿದೆ, ಇಷ್ಟು ಒಳ್ಳೆಯತನಕ್ಕೂ ಮನಸ್ಸು ಕರಗದಿದ್ದರೆ ನಿನ್ನದು ಕಲ್ಲು ಎಂದು. ಉಣ್ಣದೆ ಮಲಗಿದಳು.

ಏಪ್ರಿಲ್ 19, ಶನಿವಾರ

ಮೂಲೆಯಲ್ಲಿ ಹಸಿರು ಹುಟ್ಟಿದೆ. ಕೂದಲೆಳೆಯಂಥದ್ದು. ಗುಬ್ಬಿ ಬಗ್ಗಿ ಕೂತು ಒಂದೊಂದನ್ನೂ ನನಗೆ ತೋರಿಸಿದಳು. ನನ್ನ ಟೊಮೇಟೊಗಿಂತ ಚುರುಕಾಗಿ ಬರುತ್ತಿದೆ, ಅನ್ಯಾಯ.

ಏಪ್ರಿಲ್ 27, ಭಾನುವಾರ

ಇವತ್ತಿನದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ.

ಕಾಸ್ಮಾಸ್ ಬೆರಳುದ್ದ ಬಂದಿತ್ತು, ಸಬ್ಬಸಿಗೆ ಸೊಪ್ಪಿನಂಥ ಎಲೆ. ನಡುನಡುವೆ ಜೀನಿಯಾ. ಬೆಳಗ್ಗೆ ಅಳಿಯಂದಿರು ಬಂದರು. ನಾನು ಒಳಗೆ ಕಾಫಿ ಸೋಸುತ್ತಿದ್ದೆ, ಗುಬ್ಬಿ ಸ್ನಾನಕ್ಕೆ ಹೋಗಿದ್ದಳು. ಕಾಫಿ ಹಿಡಿದು ಹಿತ್ತಲಿಗೆ ಬಂದರೆ ಮೂಲೆಯ ಪಾತಿ ಬೋಳು. ಕಿತ್ತದ್ದನ್ನೆಲ್ಲ ಅಚ್ಚುಕಟ್ಟಾಗಿ ಒಂದು ಕಡೆ ಗುಡ್ಡೆ ಹಾಕಿ, ಮಣ್ಣನ್ನು ಅಂಗೈಯಿಂದ ಸವರಿ ಸಮ ಮಾಡುತ್ತಿದ್ದರು.

"ಎಷ್ಟೊಂದು ಕಳೆ ಬೆಳೆಸಿದ್ರಿ ಅಕ್ಕ. ಎಲ್ಲ ತೆಗೆದುಬಿಟ್ಟೆ."

ಅಷ್ಟರಲ್ಲಿ ಗುಬ್ಬಿ ತಲೆಗೆ ಟವೆಲ್ ಸುತ್ತಿಕೊಂಡು ಬಂದಳು. ಗುಡ್ಡೆ ನೋಡಿದಳು. ಪಾತಿ ನೋಡಿದಳು.

"ಅಯ್ಯೋ, ನಿನ್ನ ಗಿಡವಾ?" ಎಂದರು ಅವರು. "ಒಂದು ಮಾತು ಹೇಳಬಾರದಾ?"

"ಪರವಾಗಿಲ್ಲ," ಎಂದಳು ಗುಬ್ಬಿ. "ನಂದೇ ತಪ್ಪು. ಹೇಳಬೇಕಿತ್ತು. ಸಾರಿ."

ಅವಳ ಗಿಡ ಕಿತ್ತು ಹಾಕಿದ್ದಕ್ಕೆ ಅವಳೇ ಸಾರಿ ಕೇಳಿದಳು. ಅವರು ಅವಳ ಭುಜ ತಟ್ಟಿ, "ಇರ್ಲಿ ಬಿಡು," ಎಂದು ಕ್ಷಮಿಸಿದರು. ಕಾಫಿ ಕುಡಿದು, ಚೆನ್ನಾಗಿದೆ ಎಂದರು.

ಹೇಳಬೇಕಿತ್ತು ಎಂದಳಲ್ಲ, ನಾನೇ ಹೇಳಿದ್ದೆ. ಇದೇ ಜಾಗದಲ್ಲಿ ನಿಂತು ಇಬ್ಬರೂ ನಕ್ಕಿದ್ದೆವು. ಮರೆತಿರಬಹುದು. ಗಂಡಸರಿಗೆ ಹೂವು, ಕಳೆ ಎಲ್ಲ ಒಂದೇ. ಆದರೂ ಸಬ್ಬಸಿಗೆ ಎಲೆಯಂಥವು ಸರಿ, ಜೀನಿಯಾ ಕಳೆಯಂತೆ ಕಾಣುತ್ತದೆಯೇ? ನಲ್ಲಿ ರಿಪೇರಿ ಮಾಡುವಾಗ ಎಷ್ಟು ಸೂಕ್ಷ್ಮ ಆ ಕಣ್ಣು.

ಅವರು ಹೋದ ಮೇಲೆ ಗುಡ್ಡೆಯಲ್ಲಿ ಹುಡುಕಿದೆ. ಬೇರು ಒಣಗದವು ಕೆಲವು ಸಿಕ್ಕವು. ಸಂಜೆ ಮತ್ತೆ ಊರಿದೆ. ದಾರ ಹುಡುಕಲು ಹೋಗಲಿಲ್ಲ, ಆಗಲೇ ಕತ್ತಲಾಗುತ್ತಿತ್ತು. ಗುಬ್ಬಿ ಮೆಟ್ಟಿಲಿನಿಂದ ನೋಡುತ್ತಿದ್ದಳು, ಬರಲಿಲ್ಲ. ನಾನೂ ಕರೆಯಲಿಲ್ಲ.

ಏಪ್ರಿಲ್ 29, ಮಂಗಳವಾರ

ಊರಿದವುಗಳಲ್ಲಿ ಕೆಲವು ತಲೆಯೆತ್ತಿವೆ. ನೆರಳಿಗೆ ಹಳೆಯ ಸೀರೆಯ ತುಂಡು ಕಟ್ಟಿದೆ.

ಗುಬ್ಬಿಗೆ ಕೆಲಸ ಸಿಕ್ಕಿದೆ. ಆ ನರ್ಸರಿಯ ಯಜಮಾನಿಯನ್ನು ತಾನೇ ಹೋಗಿ ಕೇಳಿದಳಂತೆ. ಸಸಿಗಳನ್ನು ಕವರಿಗೆ ಹಾಕುವುದು, ನೀರು, ಬಂದವರಿಗೆ ತೋರಿಸುವುದು. ಸೋಮವಾರದಿಂದ ಬಾ ಎಂದಿದ್ದಾರೆ. ಊಟಕ್ಕೆ ಕೂತಾಗ ಎರಡು ಸಲ ಹೇಳಿದಳು. ಅನ್ನವನ್ನೂ ಎರಡನೇ ಸಲ ಬಡಿಸಿಕೊಂಡಳು.

ಸಂಜೆ ಅಳಿಯಂದಿರ ಫೋನ್. ಎಂದಿನಂತೆ ಊಟ, ನಿದ್ರೆ ಎಲ್ಲ ಕೇಳಿದರು. ಕೆಲಸದ ವಿಷಯ ಹೇಳಿದೆ. ಸಂತೋಷಪಡಲಿ ಎಂದೇ ಹೇಳಿದ್ದು. "ಯಾವ ನರ್ಸರಿ ಅಕ್ಕ?" ಎಂದರು.

ಹೇಳಿದೆ.

ಮೇ 2, ಶುಕ್ರವಾರ

ನರ್ಸರಿಯವರು ಬೇಡ ಎಂದಿದ್ದಾರೆ.

ಗುಬ್ಬಿ ಇವತ್ತು ಎಷ್ಟು ಗಂಟೆಗೆ ಬರಬೇಕೆಂದು ಕೇಳಲು ಹೋದಳಂತೆ. ಯಜಮಾನಿ ಮುಖ ಕೊಟ್ಟು ಮಾತಾಡಲಿಲ್ಲ. "ನಿಮ್ಮೋರು ಬಂದಿದ್ರಮ್ಮ. ಮಾತ್ರೆ ತಗೊಳ್ತೀಯಂತೆ, ಒಂದೊಂದ್ಸಲ ಎಲ್ಲಿದ್ದೀನಿ ಅನ್ನೋದೇ ಗೊತ್ತಾಗಲ್ವಂತೆ. ಇಲ್ಲಿ ಹುಳಕ್ಕೆ ಹೊಡೆಯೋ ಔಷಧಿ ಗಿಷಧಿ ಇರುತ್ತೆ, ನಂಗ್ಯಾಕೆ ಬೇಕು," ಎಂದರಂತೆ. ತುಂಬ ಮರ್ಯಾದಸ್ಥರು, ಕಣ್ಣಲ್ಲಿ ನೀರು ಹಾಕಿಕೊಂಡು ಹೇಳಿದರು ಎಂದೂ ಸೇರಿಸಿದರಂತೆ.

ಗುಬ್ಬಿ ಯಾವ ಮಾತ್ರೆಯನ್ನೂ ತೆಗೆದುಕೊಳ್ಳುವುದಿಲ್ಲ. ತಲೆನೋವಿಗೂ ಇಲ್ಲ.

ಅವಳು ಅಡುಗೆಮನೆ ಬಾಗಿಲಿಗೆ ಒರಗಿ ನಿಂತು ನನ್ನನ್ನು ಕೇಳಿದಳು. ದನಿ ಏರಿಸಲಿಲ್ಲ.

"ಅವರಿಗೆ ಹೇಗೆ ಗೊತ್ತಾಯ್ತು ಅಕ್ಕ?"

ನಾನು ಒಲೆ ಆರಿಸಿದೆ. "ನಾನೇ ಹೇಳಿದೆ," ಎಂದೆ.

"ದಿನಾ ಹೇಳ್ತಿದ್ಯಾ?"

"ಹೂಂ."

"ಅಲ್ಲೂ ಹಾಗೇನೇ," ಎಂದಳು. "ಕೆಳಗಿನ ಮನೆಯೋರು ಹೇಳ್ತಿದ್ರು, ಅಂಗಡಿಯೋನು ಹೇಳ್ತಿದ್ದ. ಎಲ್ಲರೂ ನನ್ನ ಒಳ್ಳೇದಕ್ಕೇ. ನಾನು ಹಾಲು ತರಕ್ಕೆ ಹೋಗಿ ಎಷ್ಟು ಹೊತ್ತು ನಿಂತೆ ಅನ್ನೋದು ಸಂಜೆ ಅವರಿಗೆ ಗೊತ್ತಿರ್ತಿತ್ತು. ಬೈತಿರ್ಲಿಲ್ಲ ಅಕ್ಕ. ನಗ್ತಾ ಹೇಳೋರು. ಆಮೇಲೆ ಹಾಲು ಅವರೇ ತರ್ತಿದ್ರು. ಆಮೇಲೆ ಎಲ್ಲಾನೂ ಅವರೇ ತರ್ತಿದ್ರು."

ಬಂದ ದಿನ ಹೇಳಲು ಬಾರದೆ ನಿಂತದ್ದು ಇದಕ್ಕೆ. ನಾನು ಆಗ ಕೇಳಿದ ಮೂರು ಪ್ರಶ್ನೆಗಳಲ್ಲಿ ಇದು ಯಾವುದಕ್ಕೂ ಉತ್ತರವಾಗುತ್ತಿರಲಿಲ್ಲ.

ಸಂಜೆ ಫೋನ್ ಬಂತು. ಎತ್ತಲಿಲ್ಲ. ಮತ್ತೆ ಬಂತು. ಅಡುಗೆಮನೆಯಲ್ಲಿ ಇಬ್ಬರೂ ಅದು ನಿಲ್ಲುವವರೆಗೆ ಕೂತಿದ್ದೆವು.

ಮೇ 3, ಶನಿವಾರ

ಕರೆಗಳು. ಆಮೇಲೆ ಮೆಸೇಜು: "ಅಕ್ಕ, ಅವಳು ನಿಮ್ಮ ತಲೆ ಕೆಡಿಸ್ತಿದ್ದಾಳೆ, ಹುಷಾರು."

ಟೊಮೇಟೊ ಹೂ ಬಿಟ್ಟಿದೆ. ಬೇರೇನೂ ಬರೆಯಲು ಮನಸ್ಸಿಲ್ಲ.

ಮೇ 4, ಭಾನುವಾರ

ಅವನು ಬರಲಿಲ್ಲ. ಬರುತ್ತಾನೆಂದು ಬೆಳಗ್ಗಿನಿಂದ ಗೇಟಿನ ಸದ್ದಿಗೇ ಕಿವಿ. ಹಾಲಿನವನು ಗೇಟು ತೆಗೆದರೆ ಗುಬ್ಬಿಯ ಕೈಯಲ್ಲಿದ್ದ ತಟ್ಟೆ ಬಿತ್ತು.

ಪಕ್ಕದ ಡ್ರೈವರ್ ಗೋಡೆಯ ಬಳಿ ಕರೆದು ಮೆಲ್ಲಗೆ ಹೇಳಿದರು: "ಮೇಡಂ, ತಪ್ಪು ತಿಳ್ಕೋಬೇಡಿ. ಒಂದು ಬೂದು ಬಣ್ಣದ ಕಾರು, ನೀವು ಕೆಲಸಕ್ಕೆ ಹೋದ್ಮೇಲೆ ಬೀದಿ ಕೊನೇಲಿ ನಿಂತಿರುತ್ತೆ. ಇಳಿಯಲ್ಲ. ಸುಮ್ನೆ ನಿಮ್ಮ ಮನೆ ಕಡೆ ನೋಡ್ಕೊಂಡು ಕೂತಿರ್ತಾರೆ. ನನಗೆ ರಾತ್ರಿ ಡ್ಯೂಟಿ ಇದ್ದಾಗೆಲ್ಲ ಹಗಲು ನೋಡಿದ್ದೀನಿ."

ಯಾವಾಗಿನಿಂದ ಎಂದು ಕೇಳಿದೆ. ಬೀನ್ಸಿಗೆ ಕೋಲು ಕಟ್ಟಿದರಲ್ಲ, ಆ ವಾರದಿಂದಲೇ ಎಂದರು. ನನ್ನ ನಂಬರ್ ಕೊಟ್ಟೆ.

ಮೇ 6, ಮಂಗಳವಾರ

ನಡೆದದ್ದನ್ನು ನಡೆದ ಹಾಗೆ ಬರೆದಿಡಬೇಕು.

ಪ್ರಯೋಗಾಲಯದಲ್ಲಿದ್ದಾಗ ಡ್ರೈವರ್ ಫೋನ್ ಮಾಡಿದರು. "ಕಾರು ನಿಮ್ಮ ಗೇಟ್ ಹತ್ರಾನೇ ಬಂದಿದೆ ಮೇಡಂ. ಅವರು ಒಳಗೆ ಹೋದ್ರು. ಬರಕ್ಕಾಗುತ್ತಾ?" ಕೈಯಲ್ಲಿದ್ದ ಸೀಸೆಗಳನ್ನು ಜೊತೆಯವಳಿಗೆ ಒಪ್ಪಿಸಿ, ಕೋಟು ಕೂಡ ಬಿಚ್ಚದೆ ಟ್ಯಾಕ್ಸಿ ಹತ್ತಿದೆ. ಪ್ರತಿ ಸಿಗ್ನಲ್ಲಿನಲ್ಲೂ ಕೆಂಪು ದೀಪ.

ನಾನು ಇಳಿದಾಗ ಗುಬ್ಬಿ ಆ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದಳು. ಬೆಲ್ಟ್ ಹಾಕಿತ್ತು. ಚೀಲ ತೊಡೆಯ ಮೇಲೆ. ಎಂಜಿನ್ ಚಾಲೂ ಇತ್ತು. ಅವನು ನನ್ನ ಮನೆಗೆ ಬೀಗ ಹಾಕಿ, ಸರಿಯಾಗಿ ಬಿತ್ತೇ ಎಂದು ಜಗ್ಗಿ ನೋಡುತ್ತಿದ್ದ.

"ಬಂದ್ರಾ ಅಕ್ಕ? ಕೀ ಎಲ್ಲಿಡಲಿ ಅಂತ ನಿಮಗೇ ಫೋನ್ ಮಾಡೋನಿದ್ದೆ," ಎಂದ. ಅದೇ ನಗು. "ಅವಳೇ ಬರ್ತೀನಿ ಅಂದ್ಲು. ಬೇಕಾದ್ರೆ ಕೇಳಿ."

ಕಿಟಕಿಯ ಬಳಿ ಹೋಗಿ ಕೇಳಿದೆ. ಗುಬ್ಬಿ ಬಾಯಿ ತೆರೆಯುವ ಮೊದಲು ನನ್ನ ಹೆಗಲಾಚೆ ಅವನನ್ನು ನೋಡಿದಳು. ಅವನು ತಲೆಯಾಡಿಸಿದ, ಮಗುವಿಗೆ ಪದ್ಯ ಹೇಳಿಸುವವರು ಮೊದಲ ಸಾಲು ನೆನಪಿಸುವ ಹಾಗೆ.

"ಹೂಂ ಅಕ್ಕ. ನಾನೇ ಅಂದೆ."

ಇಳಿಯೇ ಕೆಳಗೆ ಎನ್ನುವುದು ನನ್ನ ನಾಲಿಗೆ ತುದಿಗೆ ಬಂದಿತ್ತು. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಿದ್ದೆ. ಯಾಕೋ ಹೇಳಲಿಲ್ಲ. ಕಾರಿನ ಬಾಗಿಲು ತೆಗೆದು ಪಕ್ಕದಲ್ಲಿ, ರಸ್ತೆಯಲ್ಲೇ ಕುಕ್ಕರುಗಾಲಲ್ಲಿ ಕೂತೆ.

"ಗುಬ್ಬಿ, ಅವನನ್ನ ನೋಡ್ಬೇಡ. ನನ್ನನ್ನೂ ನೋಡ್ಬೇಡ. ಹೋಗ್ಬೇಕು ಅನ್ಸಿದ್ರೆ ಹೋಗು, ನಾನೇ ಬಾಗಿಲು ಹಾಕಿ ಕಳಿಸ್ತೀನಿ. ಇರ್ಬೇಕು ಅನ್ಸಿದ್ರೆ ಇರು. ನೀನು ಯೋಚನೆ ಮಾಡೋ ತನಕ ನಾನು ಇಲ್ಲಿಂದ ಏಳಲ್ಲ."

"ಅಕ್ಕ, ಬಿಸಿಲಲ್ಲಿ ಯಾಕೆ ಹೀಗೆ..." ಎಂದು ಅವನು ಹತ್ತಿರ ಬಂದ. ಕೈ ಎತ್ತಿ ತಡೆದೆ. ಡ್ರೈವರ್ ತಮ್ಮ ಗೇಟಿಗೆ ಬಂದು ನಿಂತರು. ಲುಂಗಿ ಎತ್ತಿ ಕಟ್ಟಿದ್ದರು, ಹಲ್ಲುಜ್ಜುವ ಬ್ರಷ್ ಇನ್ನೂ ಕೈಯಲ್ಲೇ ಇತ್ತು. ಇವಳು ಹೋಗುತ್ತೇನೆ ಎಂದರೆ ಆಡಿದ ಮಾತಿನಂತೆ ಬಾಗಿಲು ಹಾಕಬೇಕಲ್ಲ, ಅದೇ ಹೆದರಿಕೆ.

ಗುಬ್ಬಿ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು. ಉಗುರಿನಲ್ಲಿ ಮಣ್ಣಿತ್ತು.

"ಸೌತೆಗೆ ಇವತ್ತು ನೀರು ಹಾಕಿಲ್ಲ," ಎಂದಳು. "ಕ್ಯಾನ್ ತುಂಬಿಸ್ತಿದ್ದೆ. ಅಷ್ಟರಲ್ಲಿ ಇವರು ಬಂದ್ರು."

ಬೆಲ್ಟಿನ ಗುಂಡಿಗೆ ತಡಕಿದಳು. ಸಿಗಲಿಲ್ಲ. ನಾನು ಕೈ ಚಾಚಲಿಲ್ಲ. ಕೊನೆಗೆ ಸಿಕ್ಕಿತು. ಇಳಿದಳು. ಚೀಲವನ್ನು ಎದೆಗೆ ಅವುಚಿಕೊಂಡು, ಅವನ ಮುಂದೆಯೇ ಹಾದು, ಗೇಟು ದಾಟಿ ಹಿತ್ತಲಿಗೆ ಹೋದಳು. ಓಡಲಿಲ್ಲ.

ಅವನು ನನ್ನ ಕೈಗೆ ಬೀಗದ ಕೈ ಕೊಟ್ಟ. ಪಿಸುಮಾತಿನಲ್ಲಿ, "ಆರು ತಿಂಗಳಲ್ಲಿ ನೀವೇ ತಂದು ಬಿಡ್ತೀರ. ಇವಳನ್ನ ಯಾರು ಸಹಿಸ್ತಾರೆ?" ಎಂದ. ನಗು ಹಾಗೆಯೇ ಇತ್ತು, ಒಂದು ಗೆರೆಯೂ ಬದಲಾಗಿರಲಿಲ್ಲ. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ ನಾನು.

"ಸ್ವಾಮಿ, ಗಾಡಿ ತೆಗೀರಿ," ಎಂದರು ಡ್ರೈವರ್. "ಬಸ್ ಬರುತ್ತೆ."

ನಮ್ಮ ಬೀದಿಗೆ ಬಸ್ಸಿರಲಿ, ಗ್ಯಾಸಿನ ಲಾರಿಯೂ ಬರುವುದಿಲ್ಲ. ಆದರೂ ಅವನು ಕಾರು ತೆಗೆದ. ತಿರುವಿನಲ್ಲಿ ಮರೆಯಾಗುವವರೆಗೆ ಇಬ್ಬರೂ ನಿಂತಿದ್ದೆವು. "ಬಾಯಿ ತೊಳ್ಕೊಂಡು ಬರ್ತೀನಿ ಮೇಡಂ, ಪೇಸ್ಟು ಒಣಗಿಹೋಯ್ತು," ಎಂದು ಅವರು ಒಳಗೆ ಹೋದರು.

ಹಿತ್ತಲಲ್ಲಿ ಗುಬ್ಬಿ ನೀರು ಹಾಕುತ್ತಿದ್ದಳು. ಎಲೆಯ ಮೇಲೆ ಬೀಳುತ್ತಿತ್ತು. ಮೆಟ್ಟಿಲ ಮೇಲೆ ಕೂತು ನೋಡಿದೆ. ಸೌತೆಯಲ್ಲಿ ಎರಡು ಹಳದಿ ಹೂ.

ಮೇ 8, ಗುರುವಾರ

ಗೇಟಿಗೆ ಹೊಸ ಚಿಲಕ ಹಾಕಿಸಿದೆ. ಮಹಿಳಾ ಸಹಾಯ ಕೇಂದ್ರಕ್ಕೆ ಇಬ್ಬರೂ ಹೋಗಿ ಬಂದೆವು. ಅಲ್ಲಿನ ವಕೀಲೆ ನಡೆದದ್ದನ್ನು ಹೇಳಿ ಎಂದಾಗ ನಾನು ಶುರುಮಾಡಿದೆ. ಗುಬ್ಬಿ ನನ್ನ ಮೊಣಕೈ ಮುಟ್ಟಿದಳು. ಮಿಕ್ಕದ್ದನ್ನು ಅವಳೇ ಹೇಳಿದಳು. ತುಂಬ ಹೊತ್ತು ಹಿಡಿಯಿತು, ನಡುನಡುವೆ ಮಾತು ನಿಂತುಬಿಡುತ್ತಿತ್ತು. ವಕೀಲೆ ಕಾದರು. ಕಾಯುವುದು ನನಗೆ ಕಷ್ಟ, ಕುರ್ಚಿಯ ಕೈ ಹಿಡಿದು ಕೂತಿದ್ದೆ.

ಮೇ 11, ಭಾನುವಾರ

ಬೆಳಗ್ಗೆ ಗುಬ್ಬಿ ತಲೆ ಬಾಚಿಕೊಂಡು, ಅವನಿಗೆ ಒಪ್ಪದ ಆ ಕೇಸರಿ ಬಣ್ಣದ ಕುರ್ತಾ ಹಾಕಿಕೊಂಡು ಹೊರಟು ನಿಂತಳು. ನರ್ಸರಿಗೆ ಎಂದಳು. ಬರುತ್ತೇನೆ ಎಂದು ನಾನೂ ಚಪ್ಪಲಿ ಮೆಟ್ಟಿದೆ.

"ನಾನೊಬ್ಬಳೇ ಹೋಗ್ತೀನಿ ಅಕ್ಕ."

"ಬೀದಿ ಕೊನೇಲಿ ಕಾರಿದ್ರೆ?"

"ಇದ್ರೆ ಪಕ್ಕದಲ್ಲೇ ನಡ್ಕೊಂಡು ಹೋಗ್ತೀನಿ."

ಗೇಟಿನಿಂದ ನೋಡುತ್ತಾ ನಿಂತೆ. ಕಾರಿರಲಿಲ್ಲ. ಅವಳು ತಿರುವು ದಾಟಿದ ಮೇಲೂ ಒಳಗೆ ಬರಲು ಕಾಲು ಬರಲಿಲ್ಲ. ಬೀನ್ಸ್ ಕಿತ್ತೆ, ಅರ್ಧ ಬುಟ್ಟಿ. ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಅಷ್ಟರಲ್ಲಿ ಹೊಸ ನಂಬರಿನಿಂದ ಫೋನ್. ಎತ್ತಿದೆ.

"ಅಕ್ಕ, ನಾನು. ಹೇಗಿದ್ದೀರಿ? ತೋಟ ಹೇಗಿದೆ?" ದನಿಯಲ್ಲಿ ಬೆಣ್ಣೆ. "ಅವಳು ಮನೇಲಿದ್ದಾಳಾ? ಅಷ್ಟು ಹೇಳಿ ಸಾಕು, ಮನಸ್ಸಿಗೆ ನೆಮ್ಮದಿ."

"ಅವಳ ವಿಷಯ ಅವಳನ್ನೇ ಕೇಳು. ಅವಳಿಗೆ ಹೇಳ್ಬೇಕು ಅನ್ಸಿದ್ರೆ ಹೇಳ್ತಾಳೆ," ಎಂದೆ.

ಅವನು ಏನಾದರೂ ಹೇಳುವ ಮೊದಲೇ ಇಟ್ಟೆ. ಒಂದು ಲೋಟ ನೀರು ಕುಡಿದೆ.

ಊಟದ ಹೊತ್ತು ಮೀರಿತು. ಎರಡು ಸಲ ಗೇಟಿಗೆ ಹೋಗಿ ಬಂದೆ. ಅವಳಿಗೆ ಫೋನ್ ಮಾಡಲು ನಂಬರ್ ಒತ್ತಿ, ಮಾಡದೆ ಬಿಟ್ಟೆ. ಡ್ರೈವರ್ ಗೋಡೆಯಾಚೆಯಿಂದ, "ಬರ್ತಾರೆ ಬಿಡಿ ಮೇಡಂ. ಭಾನುವಾರ ಬಸ್ಸು ಕಮ್ಮಿ," ಎಂದರು. ನಾನೇನೂ ಕೇಳಿರಲಿಲ್ಲ.

ಬಂದಳು. ಮುಖವೆಲ್ಲ ಬೆವರು, ಮುಂಗೈವರೆಗೂ ಗೊಬ್ಬರ. ನೇರ ನಲ್ಲಿಯ ಹತ್ತಿರ ಹೋಗಿ ಕೈ ತೊಳೆದುಕೊಳ್ಳುತ್ತಾ, ನನ್ನ ಕಡೆ ತಿರುಗದೆ ಹೇಳಿದಳು:

"ನನ್ನ ತಲೆ ಸರಿಯಾಗಿದೆ ಅಂತ ಹೇಳಕ್ಕೆ ಬಂದೆ ಅಂದೆ. ಅವರು ನನ್ನ ಮುಖಾನೇ ನೋಡಿದ್ರು. ಆಮೇಲೆ, 'ತಲೆ ಕಟ್ಕೊಂಡು ನಾನೇನ್ ಮಾಡ್ಲಿ, ನಂಗೆ ಬೇಕಾಗಿರೋದು ಎರಡು ಕೈ' ಅಂತ ಒಂದು ರಾಶಿ ಕವರ್ ಮುಂದೆ ಹಾಕಿದ್ರು. ಅಷ್ಟೂ ತುಂಬಿಸಿದೆ. ನಾಳೆ ಏಳಕ್ಕೆಲ್ಲ ಅಲ್ಲಿರ್ಬೇಕಂತೆ."

ತಟ್ಟೆ ಹಾಕಿದೆ. ಹಸಿವು ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು.

ಈಗ ಅವಳು ಒಳಗಿನ ಕೋಣೆಯಲ್ಲಿ ನಾಳೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಾಳೆ. ಬೆಳಗ್ಗೆ ಎಬ್ಬಿಸಲೇ ಎಂದು ಕೇಳಿದೆ.

"ಬೇಡ ಅಕ್ಕ, ನಾನೇ ಏಳ್ತೀನಿ," ಎಂದಳು.